ಹೊಲಿಗೆ ಬಿಚ್ಚಿದ ಆಟ

ಅಣ್ಣ ಇವತ್ತಿಗೂ ಅದನ್ನು ಮೋಸವೆಂದೇ ಕರೆಯುತ್ತಾನೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ, ಊಟ ಮುಗಿದು ಎಲೆಯಡಿಕೆ ತಟ್ಟೆ ಒಂದು ಸುತ್ತು ಬಂದ ಮೇಲೆ, "ಇವಳು ಕಂಪ್ಯೂಟರ್ ಗೇಮ್‌ನಲ್ಲೂ ಕಳ್ಳಾಟ ಆಡಿದೋಳು" ಎಂದು ಶುರುಮಾಡುತ್ತಾನೆ. ಮೊದಲೆಲ್ಲ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಈಗ "ಹೌದು, ಆಡ್ದೆ. ಏನೀಗ?" ಎಂದು ಕೇಳಿ ಸುಮ್ಮನಾಗುತ್ತೇನೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಆ ಸಂಜೆಗಳಲ್ಲಿ ಅವನು ಕಾಲೇಜಿನಲ್ಲಿರುತ್ತಿದ್ದ. ನಡುಮನೆಯಲ್ಲಿ ಏನು ನಡೆಯಿತೆಂಬುದು ಗೊತ್ತಿರುವುದು ನನಗೆ ಮತ್ತು ಅತ್ತೆಗೆ ಮಾತ್ರ.

ಆಗ ನಾವು ಒಂಟಿಕೊಪ್ಪಲಿನ ಬಾಡಿಗೆ ಮನೆಯಲ್ಲಿದ್ದೆವು. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ಅಪ್ಪನಿಗೆ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಅಮ್ಮ ಶಾಲೆಯ ಟೀಚರ್. ಮನೆ ಸೇರುವಾಗ ಆರಾಗುತ್ತಿತ್ತು. ಅಣ್ಣ ಇಂಜಿನಿಯರಿಂಗ್ ಸೇರಿದ ವರ್ಷ ಮನೆಗೆ ಕಂಪ್ಯೂಟರ್ ಬಂತು. ಅಂಗಡಿಯವರು ಬಿಡಿಭಾಗಗಳನ್ನು ರಟ್ಟಿನ ಡಬ್ಬಗಳಲ್ಲಿ ತಂದು ನಡುಮನೆಯಲ್ಲೇ ಕೂತು ಜೋಡಿಸಿಕೊಟ್ಟರು. ಅಪ್ಪ ಮಾನಿಟರ್‌ನ ನೆತ್ತಿಗೆ ವಿಭೂತಿಯ ಮೂರು ಗೆರೆ ಎಳೆದು, ಹೂವಿಟ್ಟು, ನನ್ನ ಕಡೆ ತಿರುಗಿ ಹೇಳಿದರು.

"ಇದು ನಿಮ್ಮಣ್ಣನ ಓದಿಗೆ. ನೀನು ಮುಟ್ಟಲೇಬೇಡ ಅಂತಲ್ಲ. ಅವನಿಗೆ ಬೇಡದಾಗ ಮುಟ್ಟು."

ಅಣ್ಣನಿಗೆ ಬೇಡವಾದ ಹೊತ್ತು ಎಂದರೆ ಸಂಜೆ ನಾಲ್ಕೂವರೆಯಿಂದ ಐದೂವರೆ. ನಾನು ಪಿಯುಸಿ ಕ್ಲಾಸು ಮುಗಿಸಿ ಬಂದಿರುತ್ತಿದ್ದೆ, ಅವನು ಇನ್ನೂ ಬಂದಿರುತ್ತಿರಲಿಲ್ಲ. ಅವನು ಬಂದು ಶೂ ಬಿಚ್ಚುವ ಸದ್ದು ಕೇಳಿದರೆ ನಾನು ಏಳಬೇಕು. ಕರೆಂಟು ಹೋಗುತ್ತಿದ್ದದ್ದೂ ಬಹುತೇಕ ಆ ಒಂದು ಗಂಟೆಯಲ್ಲೇ. ರಜಾದಿನಗಳಲ್ಲಿ ಆ ಗಂಟೆಯೂ ನನ್ನದಲ್ಲ; ಅಣ್ಣ ಮತ್ತು ಅವನ ಇಬ್ಬರು ಸ್ನೇಹಿತರು ಬೆಳಗಿನ ತಿಂಡಿಗೆ ಕೂತರೆ ಸಂಜೆಯ ಕಾಫಿಗೂ ಅಲ್ಲೇ ಇರುತ್ತಿದ್ದರು. ಓದಿಗೆ ಬಂದ ಯಂತ್ರದ ಮುಂದೆ ಅವರು ಆಡುತ್ತಿದ್ದದ್ದು ಒಂದು ಸಾಹಸದ ಆಟ. ಯಾರೋ ಕಾಪಿ ಮಾಡಿಕೊಟ್ಟ ಸೀಡಿ. ಒಂದು ಹಳ್ಳಿಯಿಂದ ಹೊರಟ ವೀರ, ಊರೂರು ತಿರುಗಿ, ಮೃಗಗಳನ್ನು ಕೊಂದು, ಜೊತೆಗಾರರನ್ನು ಸೇರಿಸಿಕೊಂಡು, ಕಡೆಗೆ ಒಬ್ಬ ದುಷ್ಟ ದೊರೆಯನ್ನು ಸೋಲಿಸಬೇಕು. ಆಡಿದಷ್ಟೂ ವೀರನಿಗೆ ಬಲ ಬರುತ್ತದೆ. ಬಲವೆಂದರೆ ಒಂದು ಸಂಖ್ಯೆ. ತೆರೆಯ ಮೂಲೆಯಲ್ಲಿ ಕಾಣುತ್ತದೆ.

ನನಗೂ ಆ ಆಟದ ಹುಚ್ಚು ಹಿಡಿಯಿತು. ಆದರೆ ಅದನ್ನು ಮಾಡಿದವರು ದಿನಕ್ಕೆ ಒಂದೇ ಗಂಟೆ ಸಿಗುವವರನ್ನು ಮನಸ್ಸಿನಲ್ಲಿಟ್ಟು ಮಾಡಿರಲಿಲ್ಲ. ಆಡಿದ್ದು ಉಳಿಯಬೇಕಾದರೆ ಛತ್ರ ತಲುಪಬೇಕು. ಅಲ್ಲಿ ಮಾತ್ರ ಸೇವ್ ಮಾಡಲು ಸಾಧ್ಯ. ಒಂದು ಛತ್ರದಿಂದ ಇನ್ನೊಂದಕ್ಕೆ ಗವಿಯೊಂದನ್ನು ದಾಟಬೇಕು, ಗವಿಯೊಳಗೆ ಒಂದು ದೈತ್ಯ ಹಲ್ಲಿ. ನನ್ನ ವೀರನ ಬಲ ಹನ್ನೆರಡು. ಹಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ಒಂದೋ ಅವನು ಸಾಯುತ್ತಿದ್ದ, ಇಲ್ಲವೇ ಕರೆಂಟು ಹೋಗುತ್ತಿತ್ತು, ಇಲ್ಲವೇ ಅಣ್ಣ ಬರುತ್ತಿದ್ದ. ಮೂರು ವಾರ ನಾನು ಅದೇ ಛತ್ರದಿಂದ ಹೊರಟು ಅದೇ ಗವಿಯಲ್ಲಿ ಸತ್ತೆ. ನಾಲ್ಕನೆಯ ವಾರ ಅಣ್ಣನ ಬಲ ಮೂವತ್ತೊಂದಾಗಿತ್ತು.

"ತಾಳ್ಮೆ ಬೇಕು ಕಣೇ," ಎಂದ ಅಣ್ಣ, ಇಡೀ ಭಾನುವಾರ ಕುರ್ಚಿ ಬಿಟ್ಟೇಳದೆ.

ಈ ಒಂದು ಗಂಟೆಯ ಸಾಕ್ಷಿ ಅತ್ತೆ. ಅತ್ತೆಯೆಂದರೆ ಅಪ್ಪನ ಅಕ್ಕ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡನ ಮನೆಯಿಂದ ಒಂದು ಕಬ್ಬಿಣದ ಟ್ರಂಕು ಹಿಡಿದು ಹೊರಟು ಬಂದವರು, ಮತ್ತೆ ಹೋಗಿರಲಿಲ್ಲ. ಗಂಡನ ಕೈ ಮುಂದಾಗಿತ್ತು ಎಂಬುದಷ್ಟೇ ನಮಗೆ ಗೊತ್ತು. ಬೀದಿಯ ಹೆಂಗಸರಿಗೆಲ್ಲ ಬ್ಲೌಸು ಹೊಲಿದುಕೊಡುತ್ತಿದ್ದರು. ಅವರ ಹೊಲಿಗೆ ಮಿಷನ್ನು ಕಂಪ್ಯೂಟರ್ ಮೇಜಿನ ಪಕ್ಕದಲ್ಲೇ, ಕಿಟಕಿಯ ಬೆಳಕಿಗೆ. ಒಂದು ಕಣ್ಣು ಸೂಜಿಯ ಮೇಲೆ, ಒಂದು ಕಣ್ಣು ನನ್ನ ತೆರೆಯ ಮೇಲೆ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆಟದಲ್ಲಿ ಯಾರು ಏನು ಹೇಳಿದರೂ ನಾನು ಕನ್ನಡದಲ್ಲಿ ಹೇಳಬೇಕಿತ್ತು. ಸ್ವಲ್ಪ ನನ್ನದನ್ನೂ ಸೇರಿಸಿ ಹೇಳುತ್ತಿದ್ದೆ.

ವೀರನಿಗೆ ಎರಡನೆಯ ಊರಿನಲ್ಲಿ ಒಬ್ಬಳು ಮುದುಕಿ ಜೊತೆಯಾಗುತ್ತಾಳೆ. ಬೆನ್ನು ಬಾಗಿದ, ಬುಟ್ಟಿ ಹೊತ್ತ, ಸೊಪ್ಪಿನ ಮದ್ದು ಹಚ್ಚಿ ಗಾಯ ವಾಸಿಮಾಡುವ ಮುದುಕಿ. ಅತ್ತೆ ಅವಳಿಗೆ ಮದ್ದಿನಜ್ಜಿ ಎಂದು ಹೆಸರಿಟ್ಟರು. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ವಿಚಾರಣೆ ಶುರುವಾಗುತ್ತಿತ್ತು.

"ಮದ್ದಿನಜ್ಜಿ ಎಂಗವ್ಳೆ? ನಿನ್ನೆ ಅವಳ್ಗೂ ಏಟು ಬಿದ್ದಿತ್ತಲ್ಲ. ಎಲ್ರಿಗೂ ಮದ್ದು ಹಚ್ತಾಳೆ, ಅವಳ್ಗೆ ಹಚ್ಚೋರು ಯಾರೂ ಇಲ್ವಾ?"

"ಅವಳೇ ಹಚ್ಕೋತಾಳೆ ಅತ್ತೆ."

"ಅದೇ ಆಯ್ತು ಬುಡು ಎಲ್ಲಾ ಕಡೆ," ಎಂದು ಅತ್ತೆ ಪೆಡಲು ತುಳಿಯುತ್ತಿದ್ದರು.

ಬಲದ ಸಂಖ್ಯೆಯ ಗುಟ್ಟು ನನಗೆ ಸಿಕ್ಕಿದ್ದು ಕಾಲೇಜಿನ ಕ್ಲಾಸಿನಲ್ಲಿ. ನಮಗೆ ಕಂಪ್ಯೂಟರ್ ಸೈನ್ಸ್ ಕಲಿಸುತ್ತಿದ್ದ ಮೇಡಂ ಬೋರ್ಡಿನ ಮೇಲೆ ಹದಿನಾರರ ಎಣಿಕೆ ಬರೆದರು. ಒಂಬತ್ತಾದ ಮೇಲೆ ಹತ್ತಿಲ್ಲ, ಎ. ಆಮೇಲೆ ಬಿ, ಸಿ, ಹೀಗೆ ಎಫ್‌ವರೆಗೆ. ಕಂಪ್ಯೂಟರಿನೊಳಗೆ ಚಿತ್ರವಾಗಲಿ ಪತ್ರವಾಗಲಿ, ಎಲ್ಲವೂ ಕಡೆಗೆ ಈ ಅಂಕಿಗಳ ಸಾಲೇ ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಥಟ್ಟನೆ ಹೊಳೆಯಿತು: ಹಾಗಾದರೆ ನನ್ನ ವೀರನೂ ಒಂದು ಫೈಲಿನಲ್ಲಿ ಅಂಕಿಗಳ ಸಾಲಾಗಿ ಕೂತಿರಬೇಕು. ಹನ್ನೆರಡು ಎಂಬ ಅವನ ಬಲ ಅದರಲ್ಲಿ ಎಲ್ಲೋ 0C ಆಗಿ ಬರೆದಿರಬೇಕು.

ಕ್ಲಾಸು ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ಫೈಲಿನೊಳಗಿನ ಅಂಕಿಗಳನ್ನು ನೋಡುವುದು ಹೇಗೆಂದು ಕೇಳಿದೆ. ಯಾಕೆಂದು ಅವರು ಕೇಳಲಿಲ್ಲ. ಅದಕ್ಕೊಂದು ಪುಟ್ಟ ಪ್ರೋಗ್ರಾಂ ಇದೆ, ಇಂಟರ್ನೆಟ್ಟಿನಲ್ಲಿ ಸಿಗುತ್ತದೆ ಎಂದರು. ಸೈಬರ್ ಕೆಫೆಗೆ ಹೋಗಿ, ಮರದ ಹಲಗೆಯ ಗೂಡಿನೊಳಗೆ ಕೂತು, ಅದನ್ನು ಒಂದು ಫ್ಲಾಪಿಗೆ ಇಳಿಸಿಕೊಂಡು ಬಂದೆ.

ಮನೆಯಲ್ಲಿ ಸೇವ್ ಫೈಲನ್ನು ತೆರೆದಾಗ ಕಂಡದ್ದು ಜೋಡಿಜೋಡಿ ಅಂಕಿಗಳ ಕಾಡು. 0C ಎಂಬುದು ಅದರಲ್ಲಿ ನಲವತ್ತು ಕಡೆ ಇತ್ತು. ಒಂದನ್ನು ಆರಿಸಿ 63 ಮಾಡಿದೆ. ಹದಿನಾರರ ಎಣಿಕೆಯಲ್ಲಿ ಅದು ತೊಂಬತ್ತೊಂಬತ್ತು. ಆಟ ತೆರೆದರೆ ನನ್ನ ವೀರ ನಟ್ಟನಡು ಸಮುದ್ರದಲ್ಲಿ ನಿಂತಿದ್ದ. ನಾನು ಬದಲಿಸಿದ್ದು ಬಲವನ್ನಲ್ಲ, ಅವನು ನಿಂತ ಜಾಗವನ್ನು.

ಅತ್ತೆ ಮಿಷನ್ ನಿಲ್ಲಿಸಿ ನೋಡಿದರು. "ಈಜು ಬರ್ತದಾ ಅವನ್ಗೆ?"

ಮತ್ತೆ ಒಂದು ವಾರ ಬೇಕಾಯಿತು. ಕಡೆಗೆ ಕಂಡುಕೊಂಡ ದಾರಿ ಸರಳವಾಗಿತ್ತು. ಒಂದು ಸೇವ್ ಮಾಡುವುದು; ಏನಾದರೂ ಒಂದೇ ಒಂದನ್ನು ಬದಲಿಸಿ ಇನ್ನೊಂದು ಸೇವ್ ಮಾಡುವುದು; ಎರಡು ಫೈಲನ್ನೂ ಪಕ್ಕಪಕ್ಕ ಹೋಲಿಸಿ ಎಲ್ಲೆಲ್ಲಿ ವ್ಯತ್ಯಾಸವಿದೆ ನೋಡುವುದು. ನನ್ನ ಕೆಮಿಸ್ಟ್ರಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎಲ್ಲವನ್ನೂ ಗುರುತು ಹಾಕಿಕೊಂಡೆ: ಇದು ಬಲ, ಇದು ಆಯುಸ್ಸು, ಇದು ಕತ್ತಿ. ಆ ಪುಟಗಳಿಗೆ ತೆಗೆದುಕೊಂಡಷ್ಟು ಶ್ರಮವನ್ನು ನಾನು ಕೆಮಿಸ್ಟ್ರಿಗೆ ತೆಗೆದುಕೊಂಡಿದ್ದರೆ ಮಾರ್ಕ್ಸ್ ಕಾರ್ಡು ಬೇರೆಯೇ ಇರುತ್ತಿತ್ತು. ಕಷ್ಟಪಡದೆ ಗೆದ್ದೆ ಎನ್ನುವವರಿಗೆ ಆ ನೋಟ್‌ಬುಕ್ ತೋರಿಸಬೇಕೆನಿಸುತ್ತದೆ.

ಒಂದು ಸಂಜೆ 0C ಹೋಗಿ 63 ಬಂತು. ಗವಿಯಲ್ಲಿ ಹಲ್ಲಿ ಒಂದೇ ಏಟಿಗೆ ಬಿತ್ತು. ಆಚೆ ಬದಿಯಲ್ಲಿ ನಾನು ನೋಡಿರದ ಊರು, ನೀಲಿ ಹೆಂಚಿನ ಮನೆಗಳು, ಒಂದು ನದಿ. ನಾನು ಕೂತಲ್ಲೇ ಕೂಗಿಕೊಂಡೆ. ಅತ್ತೆ ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತು, "ಅಬ್ಬಾ, ಇಷ್ಟು ಚೆಂದಾಗೈತಾ ಆಚೆಗೆ!" ಎಂದರು.

ಸಿಕ್ಕಿಬಿದ್ದದ್ದು ಒಂದು ಭಾನುವಾರ ಮಧ್ಯಾಹ್ನ. ಅಣ್ಣನ ಸ್ನೇಹಿತರು ಬಂದಿದ್ದರು. ಅವರಲ್ಲೊಬ್ಬ ತಪ್ಪಿ ನನ್ನ ಸೇವ್ ತೆರೆದ. ಮೂಲೆಯಲ್ಲಿ ತೊಂಬತ್ತೊಂಬತ್ತು.

"ಏನೇ ಇದು?" ಅಣ್ಣ ಅಡುಗೆಮನೆಯ ಬಾಗಿಲಿಗೇ ಬಂದ. "ಮೂರು ತಿಂಗಳಿಂದ ಆಡ್ತಿದೀನಿ, ನಂದೇ ನಲವತ್ತಾರು. ನಿಂದೆಂಗೆ ತೊಂಬತ್ತೊಂಬತ್ತು?"

"ಫೈಲಲ್ಲಿ ಬರೆದೆ."

"ಬರೆದೆ ಅಂದ್ರೆ?"

"ಹನ್ನೆರಡು ಇತ್ತು. ಅಳಿಸಿ ತೊಂಬತ್ತೊಂಬತ್ತು ಬರೆದೆ."

ಸ್ನೇಹಿತ ನಕ್ಕ. ಅಣ್ಣ ನಗಲಿಲ್ಲ. ಅವನ ಮುಖದಲ್ಲಿ ನಿಜವಾದ ನೋವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. "ಇದು ಮೋಸ ಕಣೇ. ಎಲ್ಲರೂ ಕಷ್ಟಪಟ್ಟು ಆಡ್ತಾರೆ. ನೀನು ಉತ್ತರ ಪತ್ರಿಕೇಲಿ ನೀನೇ ಮಾರ್ಕ್ಸ್ ಹಾಕ್ಕೊಂಡಂಗೆ."

"ಯಾರಿಗೆ ಮೋಸ? ಹಲ್ಲಿಗಾ?"

ಗಲಾಟೆ ಕೇಳಿ ಅಪ್ಪ ಹೊರಬಂದರು. ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದು ಊಟಕ್ಕೆ ಕೈ ತೊಳೆದಿದ್ದರು. ಅಣ್ಣ ದೂರು ಹೇಳಿದ. ಅಪ್ಪನಿಗೆ ಆಟ ಗೊತ್ತಿರಲಿಲ್ಲ, ಫೈಲು ಗೊತ್ತಿರಲಿಲ್ಲ. ಮೋಸ ಎಂಬ ಮಾತೊಂದು ಗೊತ್ತಿತ್ತು.

"ಮೋಸ ಅನ್ನೋದು ನಮ್ಮನೇಲಿ ಬೇಡಮ್ಮ. ಆಟವಾದ್ರೂ ಸರಿ. ಅಣ್ಣನ ಹತ್ರ ತಪ್ಪಾಯ್ತು ಅನ್ನು, ಮುಗೀಲಿ."

"ನಾನು ಅನ್ನಲ್ಲ," ಎಂದೆ. ಅಪ್ಪನಿಗೆ ಎದುರು ನಿಂತು ಇಲ್ಲ ಎಂದದ್ದು ಅದೇ ಮೊದಲು. "ಅವನಿಗೆ ಇಡೀ ದಿನ ಕೊಟ್ಟಿದೀರಿ. ನನಗೆ ಒಂದು ಗಂಟೆ. ಅದರಲ್ಲಿ ಅರ್ಧ ಕರೆಂಟಿಲ್ಲ. ಅವನು ತಿಂಗಳಲ್ಲಿ ನೋಡೋದನ್ನ ನಾನು ನೋಡೋಕೆ ಎರಡು ವರ್ಷ ಬೇಕು. ಅದು ಮೋಸ ಅಲ್ವಾ?"

ಉತ್ತರ ಕೊಟ್ಟದ್ದು ಅತ್ತೆ. ಮಿಷನ್ನಿನ ಮುಂದೆ ಕೂತೇ, ಕೈಯಲ್ಲಿದ್ದ ಬ್ಲೌಸಿನ ತೋಳನ್ನು ಎತ್ತಿ ಹಿಡಿದರು.

"ಇಲ್ಲಿ ನೋಡಪ್ಪ. ಇದು ಅಂಗಡೀಲಿ ತಂದ ರೆಡಿಮೇಡು. ಹಾಕ್ಕೊಂಡೋರ್ಗೆ ಕೈ ಎತ್ತಕ್ಕಾಗಲ್ಲ, ಅಷ್ಟು ಬಿಗಿ. ಹೊಲಿಗೆ ಬಿಚ್ಚಿ ಸಡ್ಲ ಮಾಡ್ಕೊಡು ಅಂತ ಕೊಟ್ಟವ್ರೆ. ಮಾಡ್ಕೊಡ್ತಾ ಇವ್ನಿ. ಇದು ಮೋಸ ಅಂತ ಇವತ್ತಿನಗಂಟ ಒಬ್ರೂ ಅಂದಿಲ್ಲ. ಹೊಲ್ದೋನ್ಗೇನು ಗೊತ್ತಿತ್ತು, ಇದನ್ನ ಯಾರು ತೊಟ್ಕೋತಾರೆ ಅಂತ? ಇವ್ಳೂ ಅಷ್ಟೇ. ಅವಳ ಅಳತೆಗೆ ಮಾಡ್ಕೊಂಡವ್ಳೆ."

"ಅಕ್ಕ, ನೀನು ಸುಮ್ನಿರು," ಎಂದರು ಅಪ್ಪ. ಆದರೆ ನನ್ನನ್ನು ಮತ್ತೆ ತಪ್ಪೊಪ್ಪಿಕೊಳ್ಳೆಂದು ಕೇಳಲಿಲ್ಲ. ಊಟಕ್ಕೆ ಹೋದರು.

ಅವತ್ತೇ ಅಣ್ಣ ನನ್ನ ಸೇವ್ ಫೈಲುಗಳನ್ನೆಲ್ಲ ಅಳಿಸಿಹಾಕಿದ. ಹೇಳಿಯೇ ಅಳಿಸಿದ: "ಮೊದಲಿಂದ ನೆಟ್ಟಗೆ ಆಡು." ಆದರೆ ಎಲ್ಲದರ ಪ್ರತಿ ಒಂದು ಫ್ಲಾಪಿಯಲ್ಲಿತ್ತು. ಆ ಫ್ಲಾಪಿ ಅತ್ತೆಯ ಮಿಷನ್ನಿನ ಡ್ರಾಯರಿನಲ್ಲಿ, ಬಾಬಿನ್ನುಗಳ ಕೆಳಗೆ ಇತ್ತು. ಅಲ್ಲಿಗೆ ಕೈ ಹಾಕುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮರುದಿನ ಸಂಜೆ ಐದು ಗಂಟೆಗೆ ನನ್ನ ವೀರ ನೀಲಿ ಹೆಂಚಿನ ಊರಿನಲ್ಲಿ ಮತ್ತೆ ಓಡಾಡುತ್ತಿದ್ದ.

ಅದಾಗಿ ತಿಂಗಳೊಪ್ಪತ್ತಿಗೆ ಮದ್ದಿನಜ್ಜಿ ಸತ್ತಳು.

ಅದು ನನ್ನ ಕೈತಪ್ಪಿನಿಂದ ಆದದ್ದಲ್ಲ. ಎಷ್ಟು ಬಲವಿದ್ದರೂ ಆ ಸಾವು ತಪ್ಪುತ್ತಿರಲಿಲ್ಲ, ಕಥೆಯೇ ಹಾಗಿತ್ತು. ಉರಿಯುವ ಒಂದು ಸೇತುವೆ, ಎಲ್ಲರನ್ನೂ ದಾಟಿಸಿ ಕಡೆಗೆ ಉಳಿಯುವವಳು ಅವಳು. ಸೇತುವೆ ಮುರಿಯುತ್ತದೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂತು. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆ ಪೆಡಲಿನ ಮೇಲಿಂದ ಕಾಲು ತೆಗೆದರು. "ಯಾಕೆ? ಏನ್ ತಪ್ಪು ಮಾಡಿದ್ಲು ಅವ್ಳು?"

"ತಪ್ಪೇನಿಲ್ಲ ಅತ್ತೆ. ವೀರನಿಗೆ ರೋಷ ಬರ್ಲಿ ಅಂತ ಸಾಯಿಸಿದಾರೆ."

"ಅವನ್ಗೆ ರೋಷ ಬರ್ಲಿ ಅಂತ ಇವ್ಳು ಸಾಯ್ಬೇಕಾ?" ಅತ್ತೆಗೆ ನಿಜವಾಗಿ ಸಿಟ್ಟು ಬಂದಿತ್ತು. "ನೀನು ಅದೇನೋ ಬರೀತೀಯಲ್ಲ. ಇವಳ್ನೂ ಬರಿ."

"ಅದು ಬಲದಂಗಲ್ಲ ಅತ್ತೆ. ಆಗುತ್ತೋ ಇಲ್ವೋ."

"ನೋಡು. ಆಗ್ಲಿಲ್ಲ ಅಂದ್ರೆ ಬುಡು."

ಹತ್ತು ದಿನ ನಾನು ಆಡಲೇ ಇಲ್ಲ. ಒಂದು ಗಂಟೆಯನ್ನು ಪೂರ್ತಿ ಹುಡುಕಾಟಕ್ಕೆ ಕೊಟ್ಟೆ. ಸೇತುವೆಗೆ ಮುಂಚಿನ ಸೇವು, ಸೇತುವೆಯಾದ ಮೇಲಿನ ಸೇವು. ಎರಡರ ನಡುವೆ ನೂರಾರು ವ್ಯತ್ಯಾಸ. ಒಂದೊಂದನ್ನೇ ಬದಲಿಸಿ ನೋಡಿದೆ. ಒಮ್ಮೆ ಎಲ್ಲರ ಮುಖವೂ ಮಾಯವಾಯಿತು, ಒಮ್ಮೆ ವೀರನೇ ಮುದುಕಿಯ ಬುಟ್ಟಿ ಹೊತ್ತು ನಿಂತ. ಹತ್ತನೆಯ ದಿನ ಸಿಕ್ಕಿತು. ವೀರನ ಹಿಂದೆ ಯಾರ್ಯಾರು ನಡೆಯುತ್ತಾರೆ ಎಂಬ ನಾಲ್ಕು ಮನೆಗಳ ಪಟ್ಟಿ. ಮೂರನೆಯ ಮನೆಯಲ್ಲಿ ಸೊನ್ನೆ ಇತ್ತು. ಅಲ್ಲಿ ಐದು ಬರೆದೆ. ಐದು ಅವಳ ಸಂಖ್ಯೆ.

ಆಟ ತೆರೆಯಿತು. ಬೆನ್ನು ಬಾಗಿಸಿಕೊಂಡು, ಬುಟ್ಟಿ ಹೊತ್ತು, ಮದ್ದಿನಜ್ಜಿ ಮೂರನೆಯವಳಾಗಿ ನಡೆದು ಬಂದಳು.

ಅತ್ತೆ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು.

ಆದರೆ ಅವಳು ಮಾತಾಡುತ್ತಿರಲಿಲ್ಲ. ಸತ್ತ ಮೇಲೆ ಅವಳಿಗೆ ಮಾತು ಬರೆಯುವ ಅಗತ್ಯ ಆಟ ಮಾಡಿದವರಿಗೆ ಬಂದಿರಲಿಲ್ಲ. ಮದ್ದು ಹಚ್ಚುತ್ತಿದ್ದಳು, ನಡೆಯುತ್ತಿದ್ದಳು, ಅಷ್ಟೇ. ನಾವು ಮುಂದಿನ ಊರಿಗೆ ಹೋದರೆ ಅಲ್ಲಿನ ಜನ ವೀರನನ್ನು ತಡೆದು, ಆ ಪುಣ್ಯಾತ್ಗಿತ್ತಿ ಹೋದಳಂತಲ್ಲ, ಎಂಥ ಜೀವ, ಎಂದು ಗೋಳಾಡುತ್ತಿದ್ದರು. ಅವಳು ಅವನ ಹಿಂದೆಯೇ ನಿಂತಿರುತ್ತಿದ್ದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಸತ್ತೋದ್ಲು ಅಂತ ಅವಳ ಮುಂದೇನೇ ಅಳ್ತಾವ್ರಲ್ಲ, ಮುಂಡೇವು! ಕಣ್ ಕಾಣಲ್ವಾ?" ನಗು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ಟ್ರಂಕ್ ಹೊತ್ಕೊಂಡು ಬಂದಾಗ್ಲೂ ಇಂಗೇ ಆಯ್ತು ಕಣ್ ಮಗ. ನಮ್ಮ ದೊಡ್ಡೋರು ನಾನು ಇರೋ ಕೋಣೇಲೇ ಕೂತ್ಕೊಂಡು, ಅವಳ ಬಾಳು ಮುಗೀತು ಅಂತ ಮಾತಾಡೋರು. ನಾನು ಕಾಫಿ ಕೊಡ್ತಾ ಇದ್ದೆ," ಎಂದರು.

ಅವರು ತಮ್ಮ ವಿಷಯ ನನ್ನೊಡನೆ ಅಷ್ಟು ಹೇಳಿದ್ದು ಅದೇ ಮೊದಲು. ಇದರಿಂದ ಹಣೆಬರಹ ತಿದ್ದುವ ನೀತಿ ಏನಾದರೂ ಹುಡುಕಬೇಕೆಂದರೆ ಹುಡುಕುವವರು ಹುಡುಕಿಕೊಳ್ಳಲಿ. ನನಗೆ ಅದು ಒಂದು ಫೈಲು. ಅತ್ತೆಗೆ ಅವಳೊಬ್ಬಳು ಮುದುಕಿ. ಅವಳು ಸಾಯುವುದು ನಮಗಿಬ್ಬರಿಗೂ ಇಷ್ಟವಿರಲಿಲ್ಲ, ಸಾಯಗೊಡಲಿಲ್ಲ.

ಆ ವರ್ಷವೇ ದೊಡ್ಡಪ್ಪನ ಮಗಳ ಮದುವೆ ಗೊತ್ತಾಯಿತು. ದೊಡ್ಡಪ್ಪ ಅಂದರೆ ಅಪ್ಪ ಮತ್ತು ಅತ್ತೆ ಇಬ್ಬರಿಗೂ ಅಣ್ಣ. ಮಠಕ್ಕೆ ನಡೆದುಕೊಳ್ಳುವವರು, ಜವಳಿ ಅಂಗಡಿಯವರು, ನಾಲ್ಕು ಜನರೆದುರು ತೂಕವುಳ್ಳವರು. ಒಂದು ಸಂಜೆ ನಾನು ಆಡುತ್ತಿರುವಾಗಲೇ ಲಗ್ನಪತ್ರಿಕೆ ಹಿಡಿದು ಬಂದರು. ಅಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಮುಂದಿಟ್ಟು, ಆಮೇಲೆ ಜೋರಾಗಿ ಓದಿದರು. ಕೆಳಗೆ ಸುಖಾಗಮನ ಬಯಸುವವರು ಎಂದು ತಮ್ಮಂದಿರು, ತಂಗಿಯರು, ಭಾವಂದಿರ ಉದ್ದನೆಯ ಪಟ್ಟಿ. ಅಪ್ಪ ಪಟ್ಟಿ ಮುಗಿಸಿ ಪತ್ರಿಕೆ ಮಡಿಸಿದರು. ಅತ್ತೆಯ ಹೆಸರಿರಲಿಲ್ಲ. ಹಿಂದಿನ ಮದುವೆಗಳಲ್ಲೂ ಇರಲಿಲ್ಲ.

"ಇಲ್ಲಿ ಕೊಡು," ಎಂದು ಅತ್ತೆ ಕೈ ಚಾಚಿದರು. ಬಟ್ಟೆಗೆ ಅಳತೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಅವರ ಬೆರಳ ನಡುವೆಯೇ ಇತ್ತು. ಪತ್ರಿಕೆಯನ್ನು ಮಿಷನ್ನಿನ ಮೇಲಿಟ್ಟು, ತಂಗಿಯರ ಸಾಲಿನ ಮೊದಲಿಗೆ, ದಪ್ಪ ನೀಲಿ ಅಕ್ಷರದಲ್ಲಿ ತಮ್ಮ ಹೆಸರನ್ನು ಬರೆದರು. ಬರೀ ಅವರ ಹೆಸರು, ಹಿಂದೆ ಮುಂದೆ ಗಂಡನ ಹೆಸರಿಲ್ಲ. ಬರೆದು ದೊಡ್ಡಪ್ಪನ ಕೈಗೇ ಕೊಟ್ಟರು.

"ಬಿಟ್ಟೋಗಿತ್ತು ಅಣ್ಣಯ್ಯ. ಅಚ್ಚಾಕೋರು ಮರ್ತಿರ್ಬೇಕು."

ದೊಡ್ಡಪ್ಪ ಪತ್ರಿಕೆಯನ್ನು ನೋಡಿದರು. ಕೆಂಪಾದರು. "ಇದೇನು ಅವತಾರ?" ಎಂದು ಅಪ್ಪನ ಕಡೆ ತಿರುಗಿದರು. ಅಪ್ಪ ನೆಲ ನೋಡುತ್ತಾ, ನಿಧಾನವಾಗಿ, "ಅಕ್ಕನ ಹೆಸರು ಇರ್ಬೇಕಿತ್ತು ಅಣ್ಣಯ್ಯ," ಎಂದರು. ನನಗೆ ಅಪ್ಪನ ಮೇಲೆ ಅಂದು ಬಂದಷ್ಟು ಪ್ರೀತಿ ಬೇರೆ ಯಾವತ್ತೂ ಬಂದಿಲ್ಲ.

ಅಚ್ಚಾಗಿದ್ದ ಪತ್ರಿಕೆಗಳೆಲ್ಲ ಅತ್ತೆಯ ಹೆಸರಿಲ್ಲದೆಯೇ ಊರು ಸುತ್ತಿದವು. ಅದನ್ನು ಬದಲಿಸಲು ನಮ್ಮಿಂದಾಗಲಿಲ್ಲ. ಆದರೆ ಬನ್ನಿಮಂಟಪದ ಕಲ್ಯಾಣ ಮಂಟಪಕ್ಕೆ ಅತ್ತೆ ಹೋದರು. ತಾವೇ ಹೊಲಿದ ಹಸಿರು ಬ್ಲೌಸು ತೊಟ್ಟು, ಧಾರೆಯ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತು, ಮೊದಲನೆಯ ಪಂಕ್ತಿಯಲ್ಲೇ ಉಂಡು ಬಂದರು. ಪಕ್ಕದಲ್ಲಿ ಕೂತ ನೆಂಟರೊಬ್ಬರು ಎದ್ದು ಬೇರೆ ಕಡೆ ಹೋದರಂತೆ. "ಜಾಗ ವಿಶಾಲ ಆಯ್ತು, ಕೈಯಾಡ್ಸಿ ಊಟ ಮಾಡ್ದೆ," ಎಂದು ಅತ್ತೆ ಮನೆಗೆ ಬಂದು ಹೇಳಿದರು.

ಮದುವೆಯ ಗದ್ದಲ ಮುಗಿದ ಮೇಲೆ ನಾವು ಮತ್ತೆ ಆಟಕ್ಕೆ ಕೂತೆವು. ದುಷ್ಟ ದೊರೆ ಸೋತ. ತೊಂಬತ್ತೊಂಬತ್ತರ ಮುಂದೆ ಅವನದೇನೂ ನಡೆಯಲಿಲ್ಲ. ನಿಜ ಹೇಳಬೇಕೆಂದರೆ ಆ ಕಾಳಗ ಸ್ವಲ್ಪ ಸಪ್ಪೆಯೇ ಆಯಿತು, ಅಣ್ಣ ಹೇಳುವುದರಲ್ಲಿ ಆ ಒಂದು ಮಾತು ಸರಿ. ಆಮೇಲೆ ಕಡೆಯ ದೃಶ್ಯ ಶುರುವಾಯಿತು. ಕೊಳಲಿನ ಸಂಗೀತ. ವೀರ ಒಂದು ಗುಡ್ಡ ಹತ್ತುತ್ತಾನೆ. ಮೇಲೆ ಒಂದು ಸಮಾಧಿ. ಅದರ ಮೇಲೆ ಮದ್ದಿನಜ್ಜಿಯ ಹೆಸರು. ವೀರ ಹೂವಿಡಲು ಬಗ್ಗುತ್ತಾನೆ. ಅವನ ಹಿಂದೆ, ಮೂರನೆಯವಳಾಗಿ, ಮದ್ದಿನಜ್ಜಿ.

ಅಲ್ಲಿಗೆ ಆಟ ನಿಂತುಹೋಯಿತು. ಸಂಗೀತ ಮಾತ್ರ ಸುತ್ತಿ ಸುತ್ತಿ ಬರುತ್ತಿತ್ತು, ಚಿತ್ರ ಅಲುಗಲಿಲ್ಲ.

"ತನ್ನ ಸಮಾಧೀನ ತಾನೇ ನೋಡ್ತಾ ನಿಂತವ್ಳೆ," ಎಂದರು ಅತ್ತೆ ಮೆಲ್ಲಗೆ.

ಮೂರು ಸಲ ಮೊದಲಿನಿಂದ ಕಾಳಗ ಮಾಡಿದೆ. ಮೂರು ಸಲವೂ ಅಲ್ಲೇ ನಿಂತಿತು. ಸತ್ತವಳು ಎದುರಿಗೇ ಇದ್ದರೆ ಏನು ಮಾಡಬೇಕೆಂದು ಆಟಕ್ಕೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಣ್ಣ ಬಂದ. ಭುಜದ ಬ್ಯಾಗು ಇಳಿಸದೆ ಹಿಂದೆ ನಿಂತು ನೋಡಿದ.

"ನಾನು ಹೇಳ್ಲಿಲ್ವಾ? ಮೋಸ ಮಾಡಿದ್ರೆ ಕೊನೆ ನೋಡಕ್ಕಾಗಲ್ಲ." ಆಮೇಲೆ ಅವನಿಗೇ ಕನಿಕರ ಬಂತೇನೋ, "ಅವಳನ್ನ ತೆಗೆದುಬಿಡು ಕಣೇ. ಸೊನ್ನೆ ಹಾಕು, ಸರಿಹೋಗುತ್ತೆ. ಕೊನೆ ತುಂಬ ಚೆನ್ನಾಗಿದೆ," ಎಂದ.

ಅವನು ಹೇಳಿದ್ದು ನಿಜ. ಐದು ಅಳಿಸಿ ಸೊನ್ನೆ ಬರೆಯುವುದು ಒಂದು ನಿಮಿಷದ ಕೆಲಸ. ನಾನು ಅತ್ತೆಯ ಮುಖ ನೋಡಿದೆ.

"ನನ್ನ ಕೇಳ್ಬೇಡ. ನೀನು ಆಡ್ತಿರೋಳು," ಎಂದು ಅವರು ಕಾಫಿಗಿಡಲು ಒಳಗೆ ಹೋದರು. ಅಣ್ಣನೂ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ.

ನಾನೊಬ್ಬಳೇ ಕೂತಿದ್ದೆ. ಕೊನೆ ನೋಡುವ ಆಸೆ ನನಗೆ ಬಹಳವಿತ್ತು. ಒಂದು ವರ್ಷದ ಸಂಜೆಗಳನ್ನು ಅದರಲ್ಲಿ ಕಳೆದಿದ್ದೆ. ಫೈಲು ತೆರೆದೆ, ಮೂರನೆಯ ಮನೆಯವರೆಗೂ ಹೋದೆ. ಆ ಐದು ಅಲ್ಲಿ ಮಿಣುಕುತ್ತಿತ್ತು. ಅತ್ತೆಗೆ ಬೇಸರವಾಗುತ್ತದೆಂದು ನಾನು ಕೈ ತಡೆದೆ ಎಂದರೆ ಅದು ಪೂರ್ತಿ ನಿಜವಲ್ಲ. ನನಗೇ ಸಿಟ್ಟು ಬಂದಿತ್ತು. ಅವಳು ಸತ್ತರೆ ಮಾತ್ರ ಮುಗಿಯುತ್ತೇನೆ ಎನ್ನುವ ಕಥೆ ಮುಗಿಯದಿದ್ದರೆ ಯಾರಿಗೇನು ನಷ್ಟ? ಇಷ್ಟು ದೂರ ಮದ್ದು ಹಚ್ಚುತ್ತಾ ನಡೆದು ಬಂದಿದ್ದಾಳೆ. ನಾನು ಫೈಲು ಮುಚ್ಚಿದೆ.

ಅತ್ತೆ ಕಾಫಿ ತಂದಾಗ, "ಹಾಗೇ ಇರ್ಲಿ ಅತ್ತೆ. ಮುಗೀದಿದ್ರೆ ಬೇಡ," ಎಂದೆ.

"ಹೂಂ," ಎಂದರು ಅತ್ತೆ. ಅಣ್ಣ ಬಂದು, ತಾನು ನೋಡಿದ್ದ ಕೊನೆಯನ್ನು ಹೇಳಲು ಬಾಯಿ ತೆರೆದ. ಅತ್ತೆ ಅವನ ಕೈಗೆ ಲೋಟ ಕೊಟ್ಟು, "ನೀನು ನೋಡಿದ್ದೀಯಲ್ಲ, ನಿನ್ನತ್ರಾನೇ ಇಟ್ಕೊ," ಎಂದರು. ಆ ಕೊನೆ ಏನೆಂದು ನನಗೆ ಈಗಲೂ ಗೊತ್ತಿಲ್ಲ.

ನನ್ನ ಕೆಲಸದ ಸುದ್ದಿ ಹೇಗೋ ಹರಡಿತ್ತು. ಅಂದು ನಕ್ಕಿದ್ದ ಅಣ್ಣನ ಸ್ನೇಹಿತ ಒಂದು ದಿನ ಗೇಟಿನ ಹತ್ತಿರ ಫ್ಲಾಪಿ ಹಿಡಿದು ನಿಂತ. ಅವನ ಸೇವು ಕರೆಂಟು ಹೋಗಿ ಕೆಟ್ಟಿತ್ತು, ಸರಿಮಾಡಿಕೊಡುವೆಯಾ ಎಂದು ಗುಟ್ಟಾಗಿ ಕೇಳಿದ. "ಒಳಗೆ ಬನ್ನಿ, ಅಣ್ಣನ ಮುಂದೆ ಕೇಳಿ," ಎಂದೆ. ಬಂದು ಕೇಳಿದ. ಮಾಡಿಕೊಟ್ಟೆ. ಆಮೇಲೆ ಡಿಗ್ರಿಗೆ ಬಂದಾಗ, ಅಂಕಿಗಳ ಕಾಡಿಗೆ ಇಳಿಯದೆಯೇ ಬಲ, ಆಯುಸ್ಸು, ಜೊತೆಗಾರರನ್ನು ಬದಲಿಸಬಹುದಾದ ಒಂದು ಪುಟ್ಟ ಪ್ರೋಗ್ರಾಂ ಬರೆದು ಇಂಟರ್ನೆಟ್ಟಿಗೆ ಹಾಕಿದೆ. ಬೈದವರೇ ಹೆಚ್ಚು. ಎಲ್ಲಿಯದೋ ಊರಿನ ಒಬ್ಬರು, ತಮಗೆ ಒಂದೇ ಕೈ ಆಡುವುದು, ಇದರಿಂದ ಮೊದಲ ಸಲ ಗವಿ ದಾಟಿದೆ ಎಂದು ಬರೆದಿದ್ದರು. ಅದೊಂದು ಇ-ಮೇಲನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡೆ.

ಅತ್ತೆಯ ಕಥೆ ಬೇರೆ ದಾರಿ ಹಿಡಿಯಿತು. ನಾನು ಡಿಗ್ರಿ ಮೊದಲ ವರ್ಷದಲ್ಲಿರುವಾಗ ಅವರು ಒಂದು ದಿನ ಅಪ್ಪನಿಗೆ ಹೇಳಿದರು: "ನಂಗೂ ಒಂದು ಗಂಟೆ ಬೇಕು ಕಣಪ್ಪ, ಆ ಕಂಪ್ಯೂಟರ್ ಮಿಷನ್ನಲ್ಲಿ." ಅಪ್ಪ ನಕ್ಕರು, ಅತ್ತೆ ನಗಲಿಲ್ಲ, ಗಂಟೆ ಸಿಕ್ಕಿತು. ಹೊಸದೊಂದು ಆಟ ಹಾಕಿಕೊಟ್ಟೆ. ಅದರಲ್ಲಿ ಮೊದಲ ಕಾಳಗವೇ ಕಾಡುಹಂದಿಯ ಜೊತೆ. ಅತ್ತೆಗೆ ಮೌಸ್ ಹಿಡಿಯುವುದೇ ಹೊಸದು. ಹದಿನೈದು ದಿನ ಹಂದಿ ಅವರನ್ನು ತಿವಿದು ಹಾಕಿತು.

ನೋಡಲಾರದೆ ನಾನು ಫ್ಲಾಪಿ ತಂದೆ. "ಅತ್ತೆ, ಬಲ ಹೆಚ್ಚಿಸಿಕೊಡ್ಲಾ? ಒಂದು ನಿಮಿಷ."

ಅತ್ತೆ ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಬೇಡ. ಇವನ್ನ ನಾನೇ ಹೊಡೀತೀನಿ."

"ಇನ್ನೂ ತಿಂಗಳು ಹಿಡಿಯುತ್ತೆ."

"ಹಿಡೀಲಿ. ನಿನ್ಗೆ ಆಚೆ ಊರು ನೋಡೋ ಆಸೆ ಇತ್ತು, ತಿದ್ಕೊಂಡೆ. ನನ್ಗೆ ಈ ಹಂದೀನ ಹೊಡೀಬೇಕು. ಅಷ್ಟೇ."

ಅಣ್ಣ ಕಾಲೇಜು ಮುಗಿಸಿ ಬಂದು ಕುರ್ಚಿಯ ಹಿಂದೆ ನಿಂತಿದ್ದ. ಕೈಗಡಿಯಾರ ನೋಡಿಕೊಂಡು ಒಮ್ಮೆ ಕೆಮ್ಮಿದ. ಅತ್ತೆ ತಿರುಗದೆಯೇ, "ಕೂತ್ಕೊಳಪ್ಪ, ಇನ್ನೂ ಹೊತ್ತದೆ," ಎಂದರು, ಮತ್ತು ಹಂದಿಯ ಕಡೆಗೆ ನಡೆದರು.